ಎರೆಮಣ್ಣಿನಲ್ಲಿ ಬಿದ್ದ ಹೀರೋ!

ತೆರೆ ಮೇಲೆ ಹೀರೋ ಬೈಕು ಹಾರಿಸಿದರೆ ಶಿಳ್ಳೆ ಹೊಡೀತೀವಲ್ಲ, ನನಗೂ ಅದೇ ಹುಚ್ಚು! ಗೆಳೆಯನ ಹೀರೋ ಎಕ್ಸ್‌ಪಲ್ಸ್ 200 ಇಸಕೊಂಡು ಗದಗ-ಬೆಟಗೇರಿಯಿಂದ ಹೊರಟೆ. 2019ರಲ್ಲಿ ಬಂದ ಗಾಡಿ. ಮುಂದಿನ ಗಾಲಿ 21 ಇಂಚು, ಹೊಟ್ಟೆ ನೆಲದಿಂದ 220 ಮಿ.ಮೀ. ಮೇಲೆ.

ಲಕ್ಷ್ಮೇಶ್ವರದ ಸೋಮೇಶ್ವರನಿಗೆ ಕೈಮುಗಿದು, ಶಿರಹಟ್ಟಿಯ ಫಕೀರೇಶ್ವರ ಮಠ ನೋಡಿ, ಮುಂಡರಗಿ ಕಡೆ ಹೊಲದ ದಾರಿ ಹಿಡಿದೆ. ರಾತ್ರಿ ಮಳೆಯಾಗಿತ್ತು; ಎರೆಮಣ್ಣು ಅಂದರೆ ಬೆಣ್ಣೆ! ತಿರುವಿನಲ್ಲಿ ಮುಂದಿನ ಬ್ರೇಕು ಹಿಡಿದೆ, ಧಡಕ್!

ಕುರಿ ಕಾಯುತ್ತಿದ್ದ ಅಜ್ಜ ನಕ್ಕ: "ಏಳೋ ತಮ್ಮಾ! ಎತ್ತಾಕ್ ನಾ ಬರ್ಲೇನು?"

ಬೇಕಾಗಲಿಲ್ಲ. ಒಂದೂವರೆ ಕ್ವಿಂಟಲ್‌ಗಿಂತ ತುಸು ಹೆಚ್ಚಿನ ಗಾಡಿ, ಒಬ್ಬನೇ ಎತ್ತಿದೆ. ಹೊಸಬರಿಗೆ ಬೇಕಾದ್ದು ಅದೇ ಅಲ್ವೇ?

ಎದುರಿಗೆ ಕಪ್ಪತಗುಡ್ಡ ಕರೀತಿತ್ತು. ಅದೂ 2019ರಲ್ಲೇ ವನ್ಯಜೀವಿಧಾಮವಾದದ್ದು. ಗಾಡಿ ಏರಿಸಲಿಲ್ಲ, ಎರಡನೇ ಗೇರಿನಲ್ಲೇ ಮುಂಡರಗಿ ಸೇರಿದೆ.

ಹುಡುಗರೇ, ಹೆಲ್ಮೆಟ್ ಮರೀಬೇಡಿ. ಸಿನಿಮಾದಲ್ಲಿ ಬೀಳೋಕೆ ಡ್ಯೂಪ್ ಇರ್ತಾನೆ, ಇಲ್ಲಿ ನೀವೇ!