ಹಳೇ ಪಿಕಪ್ ಗಾಡಿಯಿಂದ ಕಿತ್ತ ಅರ್ಧ ಚೀಲ ವೈರು

ಆಷಾಢದಲ್ಲಿ ಒಂದಿನ ಬೆಳಗಿನ ಜಾವ ಮೂರು ಗಂಟೆ. ಎಂಬತ್ತು ಬಾಕ್ಸ್ ಟೊಮೆಟೊ ತುಂಬಿ, ಹಗ್ಗ ಬಿಗಿದು, ಕೀ ತಿರುಗಿಸಿದ್ರೆ ಗಾಡಿ ಟಕ್ ಅಂತು, ಅಷ್ಟೇ. ಟ್ರ್ಯಾಕ್ಟರ್ ತಂದು ಎಳೆದು ಸ್ಟಾರ್ಟ್ ಮಾಡಿ ಕೋಲಾರ ಮಂಡಿ ಸೇರೋ ಹೊತ್ತಿಗೆ ಹರಾಜು ಅರ್ಧ ಮುಗಿದಿತ್ತು. ಬ್ಯಾಟರಿ ಹೋಗಿದೆ ಅಂದ್ರು, ಹೊಸದು ಹಾಕಿಸಿದೆ. ಮೂರು ದಿನ ಗಾಡಿ ನಿಂತಿತ್ತು, ನಾಲ್ಕನೇ ದಿನ ಮತ್ತೆ ಅದೇ ಕಥೆ.

ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಮೊದಲು ಇದರಲ್ಲಿ ಕಾಮನ್ ರೈಲ್ ಇಂಜಿನ್ ಇತ್ತಂತೆ. ಅದು ಕೆಟ್ಟ ಮೇಲೆ ಹಿಂದಿನ ಓನರ್ ಹಳೇ ಕಾಲದ ಪಂಪು ನಾಜಲ್ ಇಂಜಿನ್ ಕೂರಿಸಿ, ಆರ್‌ಸಿಯಲ್ಲೂ ಇಂಜಿನ್ ನಂಬರ್ ಬದಲಾಯಿಸಿಕೊಂಡಿದ್ದಾರೆ. ಇಂಜಿನ್ ಏನೋ ಬದಲಾಯ್ತು, ಅದರ ಕಂಪ್ಯೂಟರ್, ಅಂದ್ರೆ ಇಸಿಎಂ ಮತ್ತು ಅದರ ವೈರಿಂಗ್ ಮಾತ್ರ ಹಾಗೇ ಉಳಿದಿತ್ತು. ಸೊಸೆ ಬಂದ್ರೂ ಹಳೇ ಅತ್ತೆ ಅಡುಗೆಮನೆ ಬಿಡಲಿಲ್ಲ ಅನ್ನೋ ಹಾಗೆ.

ಭಾಯ್ ಹತ್ರ ಹೋದೆ. ನಮ್ಮ ಕಡೆ ಗಾಡಿ ಎಲೆಕ್ಟ್ರಿಷಿಯನ್ ಅಂದ್ರೆ ಅವರೇ. ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ಮಧ್ಯೆ ಮೀಟರನ್ನ ಹತ್ತು ಆಂಪ್ಸ್‌ನಲ್ಲಿ ಇಟ್ಟು ನೋಡಿದ್ರು. 0.6 ಆಂಪ್ಸ್ ತೋರಿಸ್ತು. "ನೋಡಣ್ಣ, ಗಾಡಿ ಮಲಗಿದೆ, ಕರೆಂಟ್ ಮಾತ್ರ ಎದ್ದೈತೆ" ಅಂದ್ರು. ಲೆಕ್ಕ ಹಾಕಿ ನೋಡಿ: ದಿನಕ್ಕೆ 24 ಗಂಟೆ, ಹತ್ರತ್ರ 14 ಆಂಪಿಯರ್ ಅವರ್. ಮೂರು ದಿನಕ್ಕೆ 43. ನನ್ನ ಬ್ಯಾಟರಿ 75ರದ್ದು, ಅರ್ಧಕ್ಕಿಂತ ಜಾಸ್ತಿ ಸುಮ್ಮನೆ ಸೋರಿಹೋಗ್ತಿತ್ತು.

ಒಂದೊಂದೇ ಫ್ಯೂಸ್ ಕೀಳ್ತಾ ಬಂದ್ವಿ. ಒಂದು ಕಿತ್ತ ತಕ್ಷಣ 0.03ಕ್ಕೆ ಇಳೀತು. ಅದು ಹಳೇ ಇಸಿಎಂ ಲೈನು. ಅದರ ರಿಲೇ ಒಳಗೆ ಅಂಟಿಕೊಂಡು, ಯಾವ ಕೆಲಸವೂ ಇಲ್ಲದ ಡಬ್ಬಕ್ಕೆ ಹಗಲೂ ರಾತ್ರಿ ಕರೆಂಟ್ ಕೊಡ್ತಾ ಇತ್ತು. ಫ್ಯೂಸ್ ಕಿತ್ತು ಸುಮ್ಮನಾಗಬಹುದಿತ್ತು, ಆದ್ರೆ ಯಾರೋ ಹಾರ್ನಿಗೂ ಅಲ್ಲಿಂದಲೇ ಲೈನ್ ಎಳೆದಿದ್ರು. ಜೊತೆಗೆ ಬಾನೆಟ್ ಒಳಗೆ ಇಲಿ ಕಡಿದು ತಾಮ್ರ ಕಾಣ್ತಿದ್ದ ವೈರುಗಳು ಸೈಲೆನ್ಸರ್ ಪೈಪಿನ ಹತ್ರವೇ ಜೋತಾಡ್ತಿದ್ವು. ಇದು ಬರೀ ಬ್ಯಾಟರಿ ವಿಷಯ ಅಲ್ಲ, ಬೆಂಕಿ ವಿಷಯ ಅಂತ ಅನ್ನಿಸ್ತು.

ಭಾಯ್‌ಗೆ ಒಂದು ವಾರ ಬಿಡುವಿರಲಿಲ್ಲ. ನಾನೇ ಶುರು ಮಾಡ್ದೆ. ಪಂಪು ನಾಜಲ್ ಇಂಜಿನ್‌ಗೆ ಬೇಕಾದ ಕರೆಂಟ್ ಸ್ವಲ್ಪವೇ. ಅವರು ಬಾಯಲ್ಲಿ ಹೇಳಿದ್ದನ್ನ ಮಗಳು ನೋಟ್‌ಬುಕ್ಕಲ್ಲಿ ಬರ್ಕೊಂಡಳು: ಸೆಲ್ಫ್ ಮೋಟರ್, ಹೀಟರ್ ಪ್ಲಗ್, ಪಂಪಿನ ಮೇಲಿನ ಡೀಸೆಲ್ ಸೊಲೆನಾಯ್ಡ್, ಡೈನಮೋ, ಆಯಿಲ್ ಪ್ರೆಶರ್ ಸ್ವಿಚ್, ಟೆಂಪರೇಚರ್ ಮೀಟರ್ ವೈರ್, ರಿವರ್ಸ್ ಲೈಟ್ ಸ್ವಿಚ್, ಅರ್ತ್. ಬೇಡವಾದವು: ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ರೈಲ್ ಪ್ರೆಶರ್ ಸೆನ್ಸರ್, ನಾಲ್ಕು ಇಂಜೆಕ್ಟರ್ ವೈರುಗಳು, ಆಕ್ಸಿಲೇಟರ್ ಪೆಡಲ್ ಸೆನ್ಸರ್. ಅವು ಕೂರೋ ಜಾಗವೇ ಈ ಇಂಜಿನ್ನಲ್ಲಿ ಇಲ್ಲ.

ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟೆ. ಟೇಪ್ ಸುಲಿದು ವೈರಿಂಗ್ ಬಿಡಿಸಿದೆ. ಪ್ರತಿ ವೈರಿಗೂ ಬಿಳಿ ಪ್ಲಾಸ್ಟರ್ ಸುತ್ತಿ, ಎಲ್ಲಿಂದ ಎಲ್ಲಿಗೆ ಅಂತ ಮಗಳ ಕೈಲಿ ಬರೆಸಿದೆ, ಫೋಟೋ ತೆಗೆದೆ. ನಿಯಮ ಒಂದೇ: ಎರಡೂ ತುದಿ ಕಣ್ಣಿಗೆ ಕಾಣೋವರೆಗೂ ಕತ್ತರಿಸಬಾರದು. ಹಾರ್ನಿಗೆ ಬೇರೆ ಫ್ಯೂಸ್ ಹಾಕಿ ಲೈನ್ ಕೊಟ್ಟೆ. ಎರಡು ದಿನಕ್ಕೆ ಗೊಬ್ಬರದ ಚೀಲದಲ್ಲಿ ಅರ್ಧ ಚೀಲ ವೈರು, ಕನೆಕ್ಟರು.

ಎರಡನೇ ದಿನ ಸಂಜೆ ನಿಯಮ ಮುರಿದೆ. ಕತ್ತಲಾಗ್ತಿತ್ತು, ಮಳೆ ಬರೋ ಹಾಗಿತ್ತು. ಇಸಿಎಂ ಪ್ಲಗ್ ಹತ್ರ ಒಂದು ಸಣ್ಣ ವೈರ್, ಇನ್ನೊಂದು ತುದಿ ಇಂಜಿನ್ ಕಡೆ ಹೋಗಿತ್ತು. ಇದೂ ಸೆನ್ಸರ್‌ದೇ ಇರಬೇಕು ಅಂದ್ಕೊಂಡು ಕತ್ತರಿಸಿಬಿಟ್ಟೆ. ಗಾಡಿ ಸ್ಟಾರ್ಟ್ ಆಯ್ತು. ಗೆದ್ದೆ ಅಂದ್ಕೊಂಡೆ.

ಮೂರು ದಿನ ಊರಲ್ಲೇ ಗೊಬ್ಬರ, ಹುಲ್ಲು ಅಂತ ಓಡಾಡಿದೆ. ನಾಲ್ಕನೇ ರಾತ್ರಿ ಲೋಡ್ ಹಾಕ್ಕೊಂಡು ಹೈವೇ ಹತ್ತಿದ್ವಿ, ಪಕ್ಕದಲ್ಲಿ ಚಿಕ್ಕಪ್ಪ. ಸ್ವಲ್ಪ ದೂರಕ್ಕೆ ಹೆಡ್‌ಲೈಟ್ ಹಳದಿಗೆ ತಿರುಗಿತು, ಹಾರ್ನ್ ಗಂಟಲು ಕಟ್ಟಿದ ಹಾಗಾಯ್ತು. ಎಡಕ್ಕೆ ತೆಗೆಯೋಷ್ಟರಲ್ಲಿ ಇಂಜಿನ್ನೇ ನಿಂತುಹೋಯ್ತು. ಸೊಲೆನಾಯ್ಡ್‌ಗೆ ಕರೆಂಟ್ ಇಲ್ಲ ಅಂದ್ರೆ ಡೀಸೆಲ್ ಇಲ್ಲ. ಅರ್ಧ ಗಾಡಿ ಇನ್ನೂ ರಸ್ತೆ ಮೇಲೆ, ಹಿಂದೆ ಒಂದು ದೀಪವೂ ಇಲ್ಲ, ತಮಿಳುನಾಡು ಕಡೆಯ ಲಾರಿಗಳು ಗುಯ್ ಅಂತ ಹೋಗ್ತಿದ್ವು. ಅರವತ್ತು ದಾಟಿದ ಚಿಕ್ಕಪ್ಪ ಟವೆಲ್ ಬೀಸ್ಕೊಂಡು, ಮೊಬೈಲ್ ಟಾರ್ಚ್ ಹಿಡ್ಕೊಂಡು ಹಿಂದೆ ನಿಂತ್ರು. ಒಂದು ಟೆಂಪೋದವರು ನಿಲ್ಲಿಸಿ, ಇಂಡಿಕೇಟರ್ ಹಾಕಿ, ತಳ್ಳಿ ಪಕ್ಕಕ್ಕೆ ಹಾಕಿದ್ರು. ಆ ಹತ್ತು ನಿಮಿಷ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ತಣ್ಣಗಾಗುತ್ತೆ.

ಭಾಯ್ ಬೆಳಿಗ್ಗೆ ಬಂದು ಐದೇ ನಿಮಿಷದಲ್ಲಿ ಹೇಳಿದ್ರು. ನಾನು ಕತ್ತರಿಸಿದ್ದು ಡೈನಮೋ ವೈರು. ಹಿಂದಿನ ಮೆಕ್ಯಾನಿಕ್ ಉಳಿದ ವೈರನ್ನೇ ಬಳಸಿ ಅಲ್ಲಿ ಜಾಯಿಂಟ್ ಹಾಕಿದ್ದ. ಮೀಟರಲ್ಲಿರೋ ಕೆಂಪು ಬ್ಯಾಟರಿ ಲೈಟ್ ಮೂಲಕ ಬರೋ ಸಣ್ಣ ಕರೆಂಟೇ ಡೈನಮೋನ ಎಬ್ಬಿಸೋದು. ಅದು ಕಟ್ ಆದ್ರೆ ಚಾರ್ಜೂ ಇಲ್ಲ, ಎಚ್ಚರಿಕೆ ಲೈಟೂ ಹತ್ತಲ್ಲ. ಕೆಂಪು ಲೈಟ್ ಕಾಣ್ತಿಲ್ಲ ಅಂತ ನಾನು ಖುಷಿಯಾಗಿದ್ದೆ ನೋಡಿ!

ಬೆಸುಗೆ ಹಾಕಿ, ಸ್ಲೀವ್ ಸುತ್ತಿದ ಮೇಲೆ ಇಂಜಿನ್ ಓಡ್ತಿರುವಾಗ ಬ್ಯಾಟರಿ ಮೇಲೆ 14.1 ವೋಲ್ಟ್ ಬಂತು. ಈಗ ವಾರ ನಿಂತ್ರೂ ಒಂದೇ ಸೆಲ್ಫಿಗೆ ಸ್ಟಾರ್ಟ್.

ನಿಮ್ಮಲ್ಲೂ ಇಂಜಿನ್ ಬದಲಾದ ಗಾಡಿ ಇದ್ರೆ ಇಷ್ಟು ನೋಡ್ಕೊಳ್ಳಿ. ಕೀ ಆನ್ ಮಾಡ್ದಾಗ ಬ್ಯಾಟರಿ ಲೈಟ್ ಹತ್ತಬೇಕು, ಸ್ಟಾರ್ಟ್ ಆದ್ಮೇಲೆ ಆರಬೇಕು. ಹತ್ತದೇ ಇದ್ರೆ ಊರು ಬಿಡಬೇಡಿ. ಮೀಟರ್ ಸೀರೀಸಲ್ಲಿ ಇಟ್ಟಾಗ ಸೆಲ್ಫ್ ಹೊಡೀಬೇಡಿ, ಮೀಟರ್ ಸುಟ್ಟುಹೋಗುತ್ತೆ. ಕಂಪ್ಯೂಟರ್ ಮೇಲೇ ಓಡೋ ಗಾಡಿಯಾದ್ರೆ ವೈರಿಂಗ್ ಮುಟ್ಟಲೇಬೇಡಿ, ಅದು ಬೇರೆ ಲೆಕ್ಕ. ಇಂಜಿನ್ ನಂಬರ್ ಆರ್‌ಸಿಲಿ ಹತ್ತದೇ ಇದ್ರೆ ಮೊದಲು ಆರ್‌ಟಿಓ ಕೆಲಸ ಮುಗಿಸಿ.

ಚಿಕ್ಕಪ್ಪ ಮಾತ್ರ ಈಗಲೂ ಗಾಡಿ ಹತ್ತೋ ಮುಂಚೆ ಕಿಟಕಿಯಿಂದ ಬಗ್ಗಿ ಕೇಳ್ತಾರೆ, "ಕೆಂಪು ಲೈಟ್ ಹತ್ತಿತಾ?" ಅಂತ.