ಅಲೆಯೂ ಎಲೆಯೂ

ಮೂವತ್ತು ವರ್ಷಗಳಿಗೂ ಮಿಕ್ಕಿ ಸಂಸ್ಕೃತವನ್ನು ಪಾಠ ಹೇಳಿ ಈಗ ವಿಶ್ರಾಂತಿಯಲ್ಲಿರುವ ನಾನು ಭೌತಶಾಸ್ತ್ರದ ವಿಷಯವನ್ನು ಬರೆಯಹೊರಟಿರುವುದನ್ನು ಕಂಡು ವಾಚಕರು ನಕ್ಕಾರು. ನಗಲಿ. ಈ ಶಾಸ್ತ್ರದಲ್ಲಿ ನನಗೆ ತಿಳಿದಿರುವ ಅಲ್ಪಸ್ವಲ್ಪವೂ ಕಾಲೇಜಿನಲ್ಲಿ ಕಲಿತದ್ದಲ್ಲ, ನಾನು ಮಾಡಿದ ಒಂದು ತಪ್ಪಿನಿಂದ ಕಲಿತದ್ದು. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಉದ್ಯೋಗಕ್ಕೆ ಸೇರಿದ ಮೊದಲ ವರ್ಷಗಳ ಮಾತು. ಒಂದು ದಿನ ತರಗತಿಯಲ್ಲಿ ‘ವೀಚೀತರಂಗನ್ಯಾಯ’ವನ್ನು ವಿವರಿಸುತ್ತಿದ್ದೆನು. ದೂರದಲ್ಲಿ ಹುಟ್ಟಿದ ಶಬ್ದವು ನಮ್ಮ ಕಿವಿಯನ್ನು ಹೇಗೆ ಮುಟ್ಟುವುದೆಂಬ ಪ್ರಶ್ನೆಗೆ ನಮ್ಮ ತಾರ್ಕಿಕರು ಕೊಟ್ಟ ದೃಷ್ಟಾಂತವದು. “ಕೆರೆಗೆ ಕಲ್ಲೆಸೆದರೆ ಅಲ್ಲಿಯ ನೀರು ಅಲೆಯಾಗಿ ದಡಕ್ಕೆ ಬರುವಂತೆ ಶಬ್ದವೂ ಬರುತ್ತದೆ” ಎಂದು ಹೇಳಿದೆನು. ಹಿಂದಿನ ಸಾಲಿನಿಂದ ರೈತರ ಮನೆಯ ಹುಡುಗನೊಬ್ಬನು ಎದ್ದು, “ನೀರು ಬರುವುದಿಲ್ಲ ಮೇಷ್ಟ್ರೇ. ಕೆರೆಯಲ್ಲಿ ಎಲೆ ತೇಲುತ್ತಿದ್ದರೆ, ಅಲೆ ದಾಟಿಹೋದ ಮೇಲೂ ಅದು ಅಲ್ಲೇ ಇರುತ್ತದೆ. ನೀರು ಬರುವುದಾದರೆ ಎಲೆಯೂ ಬರಬೇಕಲ್ಲ?” ಎಂದನು. ತರಗತಿಯೆಲ್ಲ ನಕ್ಕಿತು. ನನಗೆ ಉತ್ತರ ತಿಳಿಯದು; ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. “ಅಧಿಕಪ್ರಸಂಗಿ!” ಎಂದು ಗದರಿಸಿ, ಗಂಟೆ ಹೊಡೆಯುವವರೆಗೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ತರಗತಿಯು ಶಿಸ್ತಿಗೆ ಬಂದಿತೆಂದು ನಾನು ಸಂತೋಷಪಟ್ಟೆನು.

ಕಳೆದ ಬೇಸಗೆಯಲ್ಲಿ ಮಗಳ ಮಗಳು ರಜೆಗೆ ಬಂದಿದ್ದಳು. ಒಂದು ಸಂಜೆ ದೇವಸ್ಥಾನದ ಕಲ್ಯಾಣಿಯಲ್ಲಿ ಕಾಗದದ ದೋಣಿಯೊಂದನ್ನು ತೇಲಿಬಿಟ್ಟಳು. ಅದು ಕೈಗೆಟುಕದಷ್ಟು ದೂರ ಹೋಗಿ ನಿಂತಿತು. ಗಾಳಿಯ ಸುಳಿವೇ ಇರಲಿಲ್ಲ. ಅಲೆಯೆಬ್ಬಿಸಿ ಅದನ್ನು ಕರೆತರಬೇಕೆಂದು ಅವಳು ದೋಣಿಯ ಆಚೆಗೆ ಕಲ್ಲಿನ ಮೇಲೆ ಕಲ್ಲನ್ನು ಎಸೆದಳು. ಅಲೆಗಳೇನೋ ಒಂದರ ಹಿಂದೊಂದು ಬಂದು ಮೆಟ್ಟಿಲಿಗೆ ಬಡಿದುವು. ದೋಣಿ ಮಾತ್ರ ಏಳುತ್ತ ಇಳಿಯುತ್ತ ಇದ್ದಲ್ಲಿಯೇ ಇತ್ತು. “ತಾತ, ಅಲೆ ಬರುತ್ತೆ, ದೋಣಿ ಯಾಕೆ ಬರಲ್ಲ?” ಎಂದಳು. ಬೆಂಚಿನ ಮೇಲೆ ನಿಂತ ಹುಡುಗನ ಮುಖ ನನ್ನ ಕಣ್ಣೆದುರಿಗೆ ಬಂದಿತು. “ನನಗೆ ತಿಳಿಯದಮ್ಮ, ತಿಳಿದುಕೊಂಡು ಹೇಳುತ್ತೇನೆ” ಎಂದೆನು. ಈ ನಾಲ್ಕು ಮಾತುಗಳನ್ನಾಡಲು ನನಗೆ ಅರುವತ್ತು ವರ್ಷ ಬೇಕಾಯಿತು.

ನೆರೆಮನೆಯ ವಿಜ್ಞಾನದ ಉಪಾಧ್ಯಾಯರಿಂದ ಪುಸ್ತಕಗಳನ್ನು ತಂದು ಓದಿದೆನು. ಅಲೆಯಲ್ಲಿ ಪ್ರಯಾಣಮಾಡುವುದು ದ್ರವ್ಯವಲ್ಲ, ಶಕ್ತಿ. ನೀರಿನ ಒಂದೊಂದು ಕಣವೂ ಒಂದು ಸಣ್ಣ ಸುತ್ತನ್ನು ತಿರುಗಿ, ಹೆಚ್ಚುಕಡಿಮೆ ಇದ್ದಲ್ಲಿಗೇ ಮರಳುತ್ತದೆ. ತಾನು ಪಡೆದ ಚಲನೆಯನ್ನು ಪಕ್ಕದ ಕಣಕ್ಕೆ ಒಪ್ಪಿಸುತ್ತದೆ. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತವರು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವಾಗ ಕೊಡವು ಮುಂದೆ ಹೋಗುವುದೇ ಹೊರತು ಜನರು ಹೋಗುವುದಿಲ್ಲವಷ್ಟೆ.

ಶಬ್ದದ ರೀತಿಯೂ ಇದೇ. ಗುಡಿಯ ಘಂಟೆಯ ಬಳಿಯಿರುವ ಗಾಳಿಯು ನಮ್ಮ ಮನೆಗೆ ಬರುವುದಿಲ್ಲ. ಒಂದು ಪದರವು ಮುಂದಿನ ಪದರವನ್ನು ಒತ್ತಿ ಹಿಂದಕ್ಕೆ ಸರಿಯುತ್ತದೆ; ಆ ಒತ್ತಡವು ಸೆಕೆಂಡಿಗೆ ಸುಮಾರು 340 ಮೀಟರಿನಂತೆ ಸಾಗಿಬರುತ್ತದೆ. ಮಿಂಚು ಕಂಡ ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರು ದೂರದಲ್ಲಿದೆಯೆಂದು ತಿಳಿಯಬಹುದು.

ಅನಂತರ ನನ್ನ ಹಳೆಯ ತರ್ಕದ ಪುಸ್ತಕವನ್ನು ಮತ್ತೆ ತೆರೆದು ನೋಡಿದೆನು. ನಾಚಿಕೆಯಾಯಿತು. ಒಂದು ಅಲೆ ಮತ್ತೊಂದನ್ನು ಹುಟ್ಟಿಸುವಂತೆ ಒಂದು ಶಬ್ದವು ಮತ್ತೊಂದು ಶಬ್ದವನ್ನು ಹುಟ್ಟಿಸುವುದೆಂಬುದೇ ಆ ನ್ಯಾಯದ ತಾತ್ಪರ್ಯ. ನೀರು ಹರಿದುಬರುವುದೆಂದು ಆಚಾರ್ಯರು ಹೇಳಿರಲಿಲ್ಲ. ಅದು ನನ್ನ ಸ್ವಂತ ವ್ಯಾಖ್ಯಾನ! ಆದರೆ ಶಬ್ದವು ಆಕಾಶದ ಗುಣವೆಂಬ ಅವರ ಮಾತು ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ ಎಂಬವನು ಗಾಜಿನ ಪಾತ್ರೆಯೊಳಗೆ ಗಡಿಯಾರವನ್ನು ತೂಗಬಿಟ್ಟು ಗಾಳಿಯನ್ನು ತೆಗೆಯುತ್ತ ಹೋದಂತೆ ಅದರ ಟಿಕ್‌ಟಿಕ್ ಶಬ್ದವು ಕ್ಷೀಣಿಸಿ ಕೇಳದೆ ಹೋದುದನ್ನು 1660ರಲ್ಲಿಯೇ ಪ್ರಕಟಿಸಿದ್ದನು.

ಬೆಳಕಿನ ಮಾತು ಬೇರೆ. ಅದು ಬರಿದಾದ ಅವಕಾಶವನ್ನು ದಾಟಿ, ಸುಮಾರು 15 ಕೋಟಿ ಕಿಲೋಮೀಟರು ದೂರದ ಸೂರ್ಯನಿಂದ 8 ನಿಮಿಷ 20 ಸೆಕೆಂಡುಗಳಲ್ಲಿ ನಮ್ಮ ಅಂಗಳಕ್ಕೆ ಬಂದು ಸಂಡಿಗೆಯನ್ನು ಒಣಗಿಸುತ್ತದೆ. ಅಲೆಯೆಂದ ಮೇಲೆ ಅದಕ್ಕೊಂದು ಆಧಾರವಿರಲೇಬೇಕೆಂದು 19ನೆಯ ಶತಮಾನದ ವಿದ್ವಾಂಸರು ‘ಈಥರ್’ ಎಂಬ ವಸ್ತುವನ್ನು ಊಹಿಸಿದ್ದರು. 1887ರಲ್ಲಿ ಅಮೆರಿಕದ ಮೈಕೆಲ್ಸನ್ ಮತ್ತು ಮಾರ್ಲಿ ಎಂಬವರು, ಭೂಮಿಯು ಈಥರಿನಲ್ಲಿ ಚಲಿಸುವುದಾದರೆ ಬೆಳಕಿನ ವೇಗದಲ್ಲಿ ತೋರಬೇಕಾದ ವ್ಯತ್ಯಾಸವನ್ನು ಅಳೆಯಹೊರಟರು. ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ. ಸಿಗಲಿಲ್ಲವೆಂದೇ ಅವರು ಲೋಕಕ್ಕೆ ತಿಳಿಸಿದರು. 1905ರಲ್ಲಿ ಐನ್‌ಸ್ಟೈನರು ಈಥರಿನ ಕಲ್ಪನೆಯೇ ಅನಾವಶ್ಯಕವೆಂದರು. ಇದನ್ನು ಓದಿ ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತಿದ್ದೆನು. ತಮ್ಮ ನಿರೀಕ್ಷೆ ಸುಳ್ಳಾದುದನ್ನು ಅಷ್ಟು ದೊಡ್ಡವರು ಮುಚ್ಚಿಡಲಿಲ್ಲ. ಒಂದು ಎಲೆಯ ವಿಷಯದಲ್ಲಿ ನಾನು ಮುಚ್ಚಿಟ್ಟೆನು.

ಆ ಹುಡುಗನೀಗ ನಮ್ಮ ಹೋಬಳಿಯಲ್ಲಿಯೇ ನೀರಿನ ಪಂಪುಗಳನ್ನು ರಿಪೇರಿ ಮಾಡುವ ಅಂಗಡಿಯನ್ನಿಟ್ಟಿದ್ದಾನೆಂದು ತಿಳಿದು, ಹುಡುಕಿಕೊಂಡು ಹೋದೆನು. ಎಣ್ಣೆಯ ಕೈಗಳನ್ನು ಒರಸಿಕೊಂಡು ನಮಸ್ಕರಿಸಿ, ಕುರ್ಚಿ ಹಾಕಿ ಕೂರಿಸಿದನು. “ಅಂದು ನೀನು ಹೇಳಿದ್ದೇ ಸರಿಯಪ್ಪ. ಎಲೆ ಬರುವುದಿಲ್ಲ. ತಪ್ಪು ನನ್ನದು” ಎಂದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಎಲೆಯ ಮಾತು ನನಗೆ ಮರೆತೇಹೋಗಿದೆ ಮೇಷ್ಟ್ರೇ. ಬೆಂಚು ಮಾತ್ರ ನೆನಪಿದೆ” ಎಂದನು. ಮಾತಿನಲ್ಲಿ ಕೋಪವಿರಲಿಲ್ಲ. ಕಾಫಿ ತರಿಸಿ ಕೊಟ್ಟನು.

ಗೃಹಸ್ಥರಲ್ಲಿ ನನ್ನದೊಂದು ವಿಜ್ಞಾಪನೆ. ಊಟದ ಹೊತ್ತಿನಲ್ಲಿ ಮಗುವೇನಾದರೂ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿರಿ. ಉತ್ತರ ತಿಳಿಯದಿದ್ದರೆ ತಿಳಿಯದೆನ್ನಿರಿ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಒಂದು ತುಳಸಿಯ ದಳವನ್ನು ತೇಲಿಬಿಟ್ಟು, ಬೆರಳಿನಿಂದ ನೀರನ್ನು ಮುಟ್ಟಿ ಇಬ್ಬರೂ ಕೂಡಿ ನೋಡಿರಿ.