ತೋಲ್ಪೆಟ್ಟಿಯ ಜಗಲಿ

ಕೊಡಗಿನ ಕುಟ್ಟ ದಾಟಿದೊಡನೆ ತೋಲ್ಪೆಟ್ಟಿ, ವಯನಾಡು ಅಭಯಾರಣ್ಯದ ಬಾಗಿಲು. ಅಲ್ಲಿರುವ ಅಕ್ಕನ ಮನೆಗೆ ನಾಲ್ಕೂ ಕಡೆ ಇಳಿದ ಹಂಚಿನ ಮಾಡು. ಸೂರು ತಗ್ಗು, ಬಗ್ಗಿಯೇ ಒಳಹೋಗಬೇಕು. ಮಳೆಗಾಲದಲ್ಲಿ ಜಪಸರಕ್ಕೆ ಜಗಲಿಯಲ್ಲಿ ಕೂರುವ ಅವಳ ಅತ್ತೆಗೆ ಇರಚಲು ಹೊಡೆಯುತ್ತದೆಂದು ಭಾವ ಪೋರ್ಟಿಕೊ ಕಟ್ಟಿಸಲು ಹೊರಟರು. ಚಪ್ಪಟೆ ತಾರಸಿಯೇ ಅವರ ಆಸೆ. ಆಚಾರಿ ಒಪ್ಪಲಿಲ್ಲ. ಮಾಡಿನ ನೀರೆಲ್ಲ ಅದರ ಮೇಲೆ ಬಿದ್ದು ಗೋಡೆಗಿಳಿಯುತ್ತದಂತೆ. ಸೂರನ್ನೇ ಮುಂದಕ್ಕೆಳೆದರೆ ತಲೆ ತಾಗುತ್ತದೆ. ಬಾಗಿಲಿನ ನೇರಕ್ಕೆ, ಮಾಡಿನ ನಡುವಿನಿಂದಲೇ ಎರಡು ಇಳಿಜಾರಿನ ಪುಟ್ಟ ಮಾಡು ಹೊರಡಿಸಿದ, ಕೇರಳದ ಪೂಮುಖದ ಹಾಗೆ. ಈಗ ನೀರು ಎಡಬಲಕ್ಕೆ ಹೋಗುತ್ತದೆ, ಎದುರಿಗಲ್ಲ. ಹಂಚು ಮಾತ್ರ ನಮ್ಮದೇ, 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಶುರುಮಾಡಿದ್ದು. ಮಾಡುಗಳು ಕೂಡುವಲ್ಲಿ ತಗಡಿನ ದಂಬೆ. ಅದರ ತರಗೆಲೆ ತೆಗೆಯುವುದು ಪ್ರತಿವರ್ಷದ ಕೆಲಸ. ಭಾವನಿಗೆ ತಾರಸಿಯ ಬೇಸರ ಇನ್ನೂ ಇದೆ. ಅತ್ತೆಯ ಸೀರೆಯಂತೂ ಈಗ ಜಪಸರ ಮುಗಿಯುವವರೆಗೂ ಒದ್ದೆಯಾಗುವುದಿಲ್ಲ.